ಗೀಸರಿನ ತಣ್ಣೀರು

ಮಂಗಳೂರಿನಲ್ಲಿ ಪದವಿಯ ಕೊನೆಯ ಪರೀಕ್ಷೆ ಮುಗಿಸಿ ಎರಡು ತಿಂಗಳು ಅಪ್ಪ ಅಮ್ಮನ ಜೊತೆ ಇರೋಣವೆಂದು ಈ ಮೇ ತಿಂಗಳಲ್ಲಿ ಮಸ್ಕತ್ತಿಗೆ ಬಂದೆ. ಅಲ್ ಗುಬ್ರಾದ ಅದೇ ಕಟ್ಟಡ, ಅದೇ ಮೊದಲ ಮಹಡಿಯ ಮನೆ. ಬಂದ ದಿನ ಮಧ್ಯಾಹ್ನ ಕೈ ತೊಳೆಯಲು ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ಕೈ ಸುಟ್ಟಿತು. ಜೊತೆಗೆ ಆ ವಾಸನೆ. ತಾರಸಿಯ ಮೇಲೆ ಬಿಸಿಲಿಗೆ ಕಾದ ಟ್ಯಾಂಕಿನ ವಾಸನೆ, ಉಪ್ಪು ತೆಗೆದ ಸಮುದ್ರದ ನೀರಿನ ಸಪ್ಪೆ ವಾಸನೆ.

"ಮರ್ತೇ ಹೋಯ್ತಾ ನಿಂಗೆ? ಕೆಂಪು ನಲ್ಲಿ ತಿರುಗಿಸು ಮಾರಾಯ್ತಿ" ಎಂದರು ಅಮ್ಮ ಅಡುಗೆಮನೆಯಿಂದ.

ಊರಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಇಲ್ಲಿ ತಾರಸಿಯ ಟ್ಯಾಂಕು ಒಲೆಯ ಮೇಲಿಟ್ಟ ಹಂಡೆಯಂತಾಗುತ್ತದೆ. ಆಗ ಎಲ್ಲರೂ ಗೀಸರಿನ ಸ್ವಿಚ್ಚು ಆರಿಸಿಬಿಡುತ್ತಾರೆ. ಗೀಸರು ಮನೆಯೊಳಗೆ ಎಸಿಯ ತಂಪಿನಲ್ಲಿ ಇರುವುದರಿಂದ ರಾತ್ರಿಯಿಡೀ ಅದರೊಳಗೆ ನಿಂತ ನೀರು ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಬಿಸಿನೀರಿಗೆ ತಣ್ಣೀರಿನ ನಲ್ಲಿ, ತಣ್ಣೀರಿಗೆ ಗೀಸರಿನ ನಲ್ಲಿ. ಆದರೆ ಗೀಸರಿನಲ್ಲಿ ಇರುವುದು ಎರಡು ಮೂರು ಬಕೆಟ್ ಮಾತ್ರ. ಬೆಳಿಗ್ಗೆ ಯಾರು ಮೊದಲು ಎದ್ದರೋ ಅವರಿಗೆ.

ಕೆಂಪು ನಲ್ಲಿ ತಿರುಗಿಸಿ ಕೈಯೊಡ್ಡಿದೆ. ಆರು ವರ್ಷ ಹಿಂದಿನ ಮೇ ತಿಂಗಳು ಅಲ್ಲೇ ಕೈಗೆ ಸಿಕ್ಕಂತಾಯಿತು. ಅಟ್ಟದ ಪೆಟ್ಟಿಗೆಯಿಂದ 1993ರ ಡೈರಿ ತೆಗೆದೆ. ಆಗ ನನಗೆ ಹದಿನೈದು, ಹತ್ತನೇ ತರಗತಿ. ಎಲ್ಲವನ್ನೂ ಬರೆದಿಡುವ ಹುಚ್ಚು: ದಿನದ ಉಷ್ಣಾಂಶ, ಅಪ್ಪ ರುಸೈಲಿನ ಪೇಂಟ್ ಕಾರ್ಖಾನೆಯಿಂದ ಮನೆಗೆ ಬಂದ ಹೊತ್ತು, ಗಣಿತದಲ್ಲಿ ತಪ್ಪಿದ ಲೆಕ್ಕಗಳು. ಆ ವರ್ಷ ಅದಕ್ಕೆ ಇನ್ನೊಂದು ಸೇರಿತ್ತು, ಆಫ್ರಿಕಾದ ಫುಟ್‌ಬಾಲ್ ಪಂದ್ಯಗಳ ಪಟ್ಟಿ.

ಅದಕ್ಕೆ ಕಾರಣ ನಮ್ಮ ಮೇಲಿನ ಮಹಡಿಯ ರಾವ್ ಅಂಕಲ್. ಮೈಸೂರಿನವರು, ಎಲೆಕ್ಟ್ರಿಕಲ್ ಎಂಜಿನಿಯರ್, ಗುಬ್ರಾದಲ್ಲೇ ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಸ್ಥಾವರದಲ್ಲಿ ಕೆಲಸ. ಸಂಜೆ ನನಗೆ ಗಣಿತ ಹೇಳಿಕೊಡುತ್ತಿದ್ದರು. ಮಸ್ಕತ್ತಿಗೆ ಬರುವ ಮೊದಲು ಅವರೂ ಅವರ ಹೆಂಡತಿ ನಾಗರತ್ನ ಆಂಟಿಯೂ ಹತ್ತು ವರ್ಷ ಜಾಂಬಿಯಾದ ತಾಮ್ರದ ಗಣಿಯ ಊರು ಕಿಟ್ವೆಯಲ್ಲಿ ಇದ್ದವರು. ಅವರ ಮಗಳು ಆಗ ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಗಣಿತ ಮುಗಿದ ಮೇಲೆ ಆಂಟಿ ಕಾಫಿ ಕೊಡುತ್ತಿದ್ದರು, ಕಾಫಿಯ ಜೊತೆ ಕಿಟ್ವೆಯ ಕಥೆ, ಮತ್ತು ಎಲ್ಲ ಕಥೆಗಳೂ ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಜೋಸೆಫನಲ್ಲಿ.

ಜೋಸೆಫ್ ಅವರ ಪಕ್ಕದ ಮನೆಯ ಹುಡುಗ. ತಾಯಿ ಗ್ರೇಸ್ ಗಣಿಯ ಆಸ್ಪತ್ರೆಯಲ್ಲಿ ನರ್ಸು. ಅವರಿಗೆ ರಾತ್ರಿ ಪಾಳಿ ಇದ್ದ ದಿನಗಳಲ್ಲಿ ಹುಡುಗನ ಊಟ ಆಂಟಿಯ ಮನೆಯಲ್ಲಿ. ಉಳಿದ ಹೊತ್ತೆಲ್ಲ ಅವರ ಹಿತ್ತಿಲ ಗೋಡೆಗೆ ಚೆಂಡು ಒದೆಯುವುದು.

"ಗೋಡೆ ಸುಣ್ಣ ಎಲ್ಲಾ ಉದುರಿಸಿಬಿಟ್ಟಿದ್ದ ಕಣೇ ವಾಣಿ. ನಾನು ಕನ್ನಡದಲ್ಲೇ ಬೈತಿದ್ದೆ. ಇಂಗ್ಲಿಷಲ್ಲಿ ಬೈದರೆ ನಂಗೆ ಸಮಾಧಾನ ಆಗೋದಿಲ್ಲ. ಬೈಗುಳ ಕೇಳೀ ಕೇಳೀ ಕನ್ನಡ ಕಲಿತ ಆ ಕೋತಿ. ಬಾಗಿಲಲ್ಲಿ ನಿಂತು 'ಆಂಟಿ, ಸಾರು ಇದೆಯಾ?' ಅನ್ನೋನು."

"ಇವಳು ಹಾಕಿದ ಸಾರಿನ ಬಲ ಅದು. ಗಣಿಯ ಕ್ಲಬ್ಬಿಗೆ ಆಡಿದ, ಈಗ ದೇಶದ ತಂಡದ ಶಿಬಿರಕ್ಕೆ ಕರೆದಿದ್ದಾರಂತೆ" ಎಂದು ಅಂಕಲ್ ಸೇರಿಸುತ್ತಿದ್ದರು. ಹೊಸ ವರ್ಷಕ್ಕೆ ಗ್ರೇಸ್ ಕಳಿಸಿದ ಕಾರ್ಡಿನಲ್ಲಿ ಆ ಸುದ್ದಿ ಇತ್ತು. ಆ ಕಾರ್ಡು ಆಂಟಿಯ ದೇವರ ಗೂಡಿನ ಪಕ್ಕದಲ್ಲೇ ಇತ್ತು. ಜೋಸೆಫ್ ಆಡಬಹುದಾದ ಪಂದ್ಯಗಳೆಂದು ವಿಶ್ವಕಪ್ಪಿನ ಅರ್ಹತಾ ಸುತ್ತಿನ ಗುಂಪನ್ನು ನಾನು ಡೈರಿಯಲ್ಲಿ ಗೆರೆ ಎಳೆದು ಬರೆದೆ: ಜಾಂಬಿಯಾ, ಮೊರೊಕ್ಕೊ, ಸೆನೆಗಲ್. ಗೋಲುಗಳಿಗೆ ಖಾಲಿ ಮನೆಗಳು.

ಏಪ್ರಿಲ್ 28, ಬುಧವಾರ. ಡೈರಿಯಲ್ಲಿ ಆ ದಿನದ ಉಷ್ಣಾಂಶ ಇಲ್ಲ.

ಸಂಜೆ ಗಣಿತದ ಪುಸ್ತಕ ಹಿಡಿದು ಮೇಲೆ ಹೋದೆ. ಅಂಕಲ್ ಬಾಲ್ಕನಿಯ ಬಾಗಿಲ ಬಳಿ ನಿಂತು ರೇಡಿಯೊದ ಕಡ್ಡಿಯನ್ನು ಅತ್ತ ಇತ್ತ ತಿರುಗಿಸುತ್ತಿದ್ದರು. ಲಂಡನ್ನಿನ ವಾರ್ತೆ. ಸೆನೆಗಲ್ಲಿನಲ್ಲಿ ಪಂದ್ಯ ಆಡಲು ಹೊರಟಿದ್ದ ಜಾಂಬಿಯಾ ತಂಡದ ವಿಮಾನ ಗ್ಯಾಬನ್ ದೇಶದಲ್ಲಿ ಇಂಧನ ತುಂಬಿಸಿಕೊಂಡು ಮೇಲೇರಿ, ಸ್ವಲ್ಪ ಹೊತ್ತಿನಲ್ಲೇ ಸಮುದ್ರಕ್ಕೆ ಬಿದ್ದಿದೆ. ಸೇನೆಯ ವಿಮಾನ. ಒಳಗಿದ್ದ ಮೂವತ್ತು ಜನರಲ್ಲಿ ಯಾರೂ ಉಳಿದಿಲ್ಲ.

ಅಂಕಲ್ ರೇಡಿಯೊ ಆರಿಸಿದರು. ನೇರ ಬಚ್ಚಲಿಗೆ ಹೋದರು. ಒಳಗೆ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು. ಉಟ್ಟ ಬಟ್ಟೆಯಲ್ಲೇ ಮಿಂದು ಹೊರಗೆ ಬಂದು, ಒದ್ದೆ ಪಂಚೆಯಲ್ಲಿ ಹಜಾರದ ನಡುವೆ ನಿಂತರು. ನಮ್ಮವರಲ್ಲಿ ಸಾವಿನ ಸುದ್ದಿ ಕೇಳಿದರೆ ಹಾಗೆ ಮೀಯುತ್ತಾರೆ. ಹತ್ತಿರದವರು ಸತ್ತರೆ ಮಾತ್ರ.

ಅಡುಗೆಮನೆಯಿಂದ ಬಂದ ಆಂಟಿ ನೆಲದ ಮೇಲಿನ ನೀರು ನೋಡಿದರು. "ಯಾರಿಗೆ ಮಿಂದ್ರಿ?"

ಅಂಕಲ್ ಹೇಳಿದರು.

"ಹೆಸರು ಹೇಳಿದ್ರಾ?"

"ಇಲ್ಲ. ಹೇಳಬೇಕಾ, ರತ್ನ? ತಂಡ ಪೂರ್ತಿ."

"ಹೆಸರು ಹೇಳಲಿಲ್ಲ ತಾನೆ? ಮತ್ತೆ ಯಾಕೆ ಮಿಂದ್ರಿ? ಯುರೋಪಲ್ಲಿ ಆಡೋರು ಬೇರೆ ದಾರೀಲಿ ಹೋಗ್ತಾರೆ ಅಂತ ನೀವೇ ಹೇಳ್ತಿದ್ರಲ್ಲ? ಎಲ್ಲರೂ ಒಂದೇ ವಿಮಾನದಲ್ಲಿ ಇರಲಿಲ್ಲ ಅಂತ ಆಯ್ತು."

"ಅವನು ಯುರೋಪಲ್ಲಿ ಇಲ್ಲ. ಕಿಟ್ವೆಯಲ್ಲಿ ಇರೋನು."

ಆಂಟಿ ಒರೆಸುವ ಬಟ್ಟೆ ತಂದು ನೆಲ ಒರೆಸತೊಡಗಿದರು. ಒರೆಸುತ್ತಲೇ ಹೇಳಿದರು: "ನಾನು ಮೀಯೋಲ್ಲ."

ಮರುದಿನದಿಂದ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ಅಂಕಲ್ ಕಿಟ್ವೆಗೆ ಫೋನ್ ಹಚ್ಚುತ್ತಿದ್ದರು. ಆಸ್ಪತ್ರೆಯ ಹಳೆಯ ನಂಬರು ಮಾತ್ರ ಅವರ ಬಳಿ ಇತ್ತು. ಒಂದೋ ಲೈನ್ ಸಿಗುತ್ತಿರಲಿಲ್ಲ, ಇಲ್ಲ ಸಿಕ್ಕಿ ಯಾರೂ ಎತ್ತುತ್ತಿರಲಿಲ್ಲ. ತಮ್ಮ ಮನೆಯ ಫೋನ್ ನಂಬರನ್ನೂ ಬರೆದು ಗ್ರೇಸ್ ಹೆಸರಿಗೆ ಒಂದು ತಂತಿ ಕಳಿಸಿದರು. ಮಸ್ಕತ್ತಿನ ಪತ್ರಿಕೆಯಲ್ಲಿ ಬೆರಳುದ್ದದ ಸುದ್ದಿ ಬಂತು, ಹೆಸರುಗಳಿರಲಿಲ್ಲ. ರೇಡಿಯೊದಲ್ಲಿ ಕೆಲವು ಹೆಸರು ಹೇಳಿದರು, ಗರಗರ ಸದ್ದಿನಲ್ಲಿ ಅರ್ಧ ನುಂಗಿಹೋದವು.

ಆಂಟಿ ನನಗೆ ಕಾಗೆಯ ಕಥೆ ಹೇಳಿದರು. ಅವರ ಅಜ್ಜನ ತಲೆಯನ್ನು ಒಮ್ಮೆ ಕಾಗೆ ಕುಕ್ಕಿತಂತೆ. ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಎಂದು ಲೆಕ್ಕ. ಅದಕ್ಕೆ ಪರಿಹಾರ, ಆ ಮನುಷ್ಯ ಸತ್ತೇಹೋದ ಎಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಂಬಿ ಅಳಬೇಕು. ಅತ್ತ ಮೇಲೆ ನಿಜ ತಿಳಿಸುವುದು. ಆಗ ಬರಬೇಕಾದ ಸಾವು ಬಂದುಹೋದಂತೆ.

"ನಮ್ಮನೆಗೆ ತಂತಿ ಬಂತು. ನಮ್ಮಮ್ಮ ಎದೆ ಎದೆ ಬಡ್ಕೊಂಡು ಅತ್ತಳು. ಸಂಜೆ ಹೊತ್ತಿಗೆ ನಮ್ಮ ಮಾವ ಖುದ್ದು ಬಂದು 'ಅಳಬೇಡಕ್ಕಾ, ಕಾಗೆ ಮುಟ್ಟಿದ್ದು' ಅಂದ. ಅಮ್ಮ ಅವನಿಗೆ ಸೌಟು ಎತ್ತಿಕೊಂಡು ಹೊಡೆಯೋಕೆ ಹೋದಳು. ಆಮೇಲೆ ಅದೇ ಸೌಟಲ್ಲಿ ಸಜ್ಜಿಗೆ ಮಾಡಿ ಎಲ್ಲರಿಗೂ ಹಂಚಿದಳು. ಅಜ್ಜ ಅದಾದ ಮೇಲೆ ಎಷ್ಟೋ ವರ್ಷ ಗಟ್ಟಿಯಾಗಿದ್ದ. ಮೊದಲ ಸುದ್ದಿ ನಂಬಬಾರದು, ವಾಣಿ. ಎರಡನೇ ಸುದ್ದಿ ಬರಬೇಕು."

ಒಳಗಿನಿಂದ ಅಂಕಲ್ ಕೇಳಿದರು: "ಲಂಡನ್ ರೇಡಿಯೊದವರ ತಲೆಗೂ ಕಾಗೆ ಕೂರುತ್ತೇನೆ?"

"ನಿಮ್ಮ ತಲೆ ಮೇಲೆ ಕೂರಬೇಕಿತ್ತು" ಎಂದರು ಆಂಟಿ.

ನಕ್ಕೆ. ನಗಬಾರದಿತ್ತು ಎಂದು ಆಮೇಲೆ ಅನಿಸಿತು. ಆದರೆ ಆಂಟಿಯೂ ನಕ್ಕರು. ಅಂಕಲ್ ನಗಲಿಲ್ಲ.

ಡೈರಿಯ ಆ ಪಟ್ಟಿಯ ಮುಂದೆ ಪೆನ್ಸಿಲ್ ಹಿಡಿದು ಕುಳಿತ ನೆನಪಿದೆ. ಸತ್ತುಹೋದ ತಂಡದ ಸಾಲನ್ನು ಏನು ಮಾಡಬೇಕು? ಹೊಡೆದುಹಾಕಬೇಕೇ? ಆಂಟಿಯನ್ನು ಕೇಳಿದೆ. "ಹಾಗೇ ಬಿಡು. ಆಡೋರು ಬರ್ತಾರೆ" ಎಂದರು. ನಿಜಕ್ಕೂ ಬಂದರು. ಜುಲೈನಲ್ಲಿ ಹೊಸ ತಂಡವೊಂದು ತಮ್ಮ ಊರಿನಲ್ಲೇ ಮೊರೊಕ್ಕೊವನ್ನು ಸೋಲಿಸಿತು, ಪಟ್ಟಿಯ ಆ ಮನೆಯನ್ನು ನಾನು ತುಂಬಿಸಿದೆ. ಆದರೆ ಮೇ ತಿಂಗಳಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಮೇ ತಿಂಗಳ ಮೊದಲ ವಾರ ಸ್ಥಾವರದ ಕಡೆ ಜೆಲ್ಲಿಫಿಶ್ ಎನ್ನುವ ಲೋಳೆಮೀನುಗಳು ತುಂಬಿ ಬಂದವು. ಸಮುದ್ರದ ನೀರನ್ನು ಒಳಗೆ ಎಳೆಯುವ ಕಡೆ ದೊಡ್ಡ ಜಾಲರಿಗಳಿವೆ. ಲೋಳೆಮೀನು, ಪಾಚಿ, ಪ್ಲಾಸ್ಟಿಕ್ಕು, ತೇಲಿಬಂದದ್ದೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ, ತೆಗೆದು ಹಾಕುತ್ತಿರಬೇಕು. ಎಂದೂ ಮನೆಯಲ್ಲಿ ಕೆಲಸದ ಮಾತಾಡದ ಅಂಕಲ್ ಒಂದು ಸಂಜೆ ಬೀಜಗಣಿತದ ನಡುವೆ ಪೆನ್ನು ಕೆಳಗಿಟ್ಟು, "ಜಾಲರಿ ಹತ್ರ ಹೋಗೋಕೆ ಆಗ್ತಾ ಇಲ್ಲಮ್ಮ" ಎಂದರು. "ನಿಂಗೆ ಭೂಪಟ ಗೊತ್ತಲ್ಲ. ಅದು ಅಟ್ಲಾಂಟಿಕ್, ಇದು ಇಲ್ಲಿ. ಆದರೂ ನೀರೆಲ್ಲಾ ಒಂದಕ್ಕೊಂದು ಸೇರ್ಕೊಂಡೇ ಇದೆ." ಮತ್ತೆ ಪೆನ್ನು ಎತ್ತಿಕೊಂಡರು. ಆ ಲೆಕ್ಕವನ್ನು ಅವರೇ ತಪ್ಪು ಮಾಡಿದರು. ನಾನು ತಿದ್ದಲಿಲ್ಲ.

ಮೇ 7, ಶುಕ್ರವಾರ, ಅಪ್ಪನಿಗೆ ರಜೆ. ಬೆಳಿಗ್ಗೆ ಬೇಗ ಅಂಕಲ್ ಕೆಳಗೆ ಬಂದು ಬೀಚಿಗೆ ಕರೆದುಕೊಂಡು ಹೋಗುತ್ತೀರಾ ಎಂದು ಅಪ್ಪನನ್ನು ಕೇಳಿದರು. ತಮ್ಮ ಕಾರು ತೆಗೆದರೆ ಆಂಟಿಗೆ ಎಚ್ಚರವಾಗುತ್ತದೆ ಎಂದು. ನಾನೂ ಹಿಂದಿನ ಸೀಟಿನಲ್ಲಿ ಕುಳಿತೆ. ಬೀಚಿನಲ್ಲಿ ಬಲೆ ಎಳೆಯುವ ನಾಲ್ಕು ಜನ ಒಮಾನಿಗಳು ಬಿಟ್ಟರೆ ಯಾರೂ ಇರಲಿಲ್ಲ. ಅಂಕಲ್ ಪ್ಯಾಂಟು ಮಡಚಿ ಮೊಣಕಾಲಿನವರೆಗೆ ನೀರಿಗೆ ಇಳಿದರು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕರಿ ಎಳ್ಳನ್ನು ಅಂಗೈಗೆ ಸುರಿದುಕೊಂಡರು.

"ನಮ್ಮ ಗೋತ್ರದವನಲ್ಲ, ಜಾತಿಯವನಲ್ಲ. ಮಂತ್ರ ಯಾವುದು ಹೇಳಬೇಕು ಅಂತ ಗೊತ್ತಿಲ್ಲ ಶೆಟ್ಟರೇ" ಎಂದು ದಡದಲ್ಲಿದ್ದ ಅಪ್ಪನಿಗೆ ಹೇಳಿದರು.

"ಹೆಸರು ಹೇಳಿ ಬಿಡಿ ರಾವ್ರೇ. ಸಾಕು" ಎಂದರು ಅಪ್ಪ.

ಅಂಕಲ್ ಹೆಸರು ಹೇಳಿದರು. ಬೊಗಸೆಯಲ್ಲಿ ನೀರೆತ್ತಿ ಎಳ್ಳಿನ ಜೊತೆ ಮೂರು ಸಲ ಬಿಟ್ಟರು. ಬಲೆ ಎಳೆಯುತ್ತಿದ್ದವರಲ್ಲಿ ವಯಸ್ಸಾದವನೊಬ್ಬ ಕೈ ನಿಲ್ಲಿಸಿ ನೋಡಿದ. ಏನನ್ನಿಸಿತೋ, ತನ್ನ ಎದೆ ಮುಟ್ಟಿಕೊಂಡು ಮತ್ತೆ ಹಗ್ಗ ಹಿಡಿದ.

ಮನೆಗೆ ಬರುವಷ್ಟರಲ್ಲಿ ಆಂಟಿ ಮೆಟ್ಟಿಲ ಮೇಲೆ ನಿಂತಿದ್ದರು. ಅವರ ಕೈಯಲ್ಲಿ ಎಳ್ಳಿನ ಡಬ್ಬಿ.

"ಇದರ ಮುಚ್ಚಳ ತೆಗೆದಿದ್ದು ಯಾರು?"

ಅಂಕಲ್ಲರ ಪ್ಯಾಂಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬದುಕಿರೋ ಹುಡುಗನಿಗೆ ಎಳ್ಳು ನೀರು ಬಿಟ್ಟು ಬಂದ್ರಾ? ನನ್ನ ಅಡುಗೆಮನೆ ಎಳ್ಳು!" ಅವರ ದನಿ ಏರಿತು. "ನೀವು ಹತ್ತು ವರ್ಷ ಅವನಿಗೆ ಬಡಿಸಲಿಲ್ಲ. ಬಡಿಸಿದವಳು ನಾನು. ನಾನು ಬಿಟ್ಟುಕೊಡೋ ತನಕ ನೀವು ಯಾರ್ರೀ ಬಿಡೋಕೆ?"

ಆ ದಿನದಿಂದ ಆಂಟಿ ಅಂಕಲ್ ಜೊತೆ ನೇರ ಮಾತು ನಿಲ್ಲಿಸಿದರು. ಸಂಜೆ ನಾನು ಗಣಿತಕ್ಕೆ ಹೋದರೆ ಇಬ್ಬರ ನಡುವಿನ ಟಪಾಲು ನನ್ನದೇ. "ವಾಣಿ, ನಿಮ್ಮ ಅಂಕಲ್‌ಗೆ ಹೇಳು, ಕಾಫಿ ಆರ್ತಾ ಇದೆ." "ವಾಣಿ, ನಿಮ್ಮ ಆಂಟಿಗೆ ಹೇಳು, ಸಕ್ಕರೆ ಹಾಕಿಲ್ಲ." ಒಂದು ಮೇಜಿನ ಎರಡು ತುದಿಯಲ್ಲಿ ಕುಳಿತವರು. ಕೆಳಗೆ ಬಂದು ಅಮ್ಮನಿಗೆ ಹೇಳಿದರೆ ಅಮ್ಮ ನಗಲಿಲ್ಲ. "ಪಾಪ, ಅವರಿಗೆ ಎಂತ ಹೇಳುದು? ಹುಡುಗ ಇಲ್ಲ ಅಂತ ಆ ಯಮ್ಮನಿಗೆ ಗೊತ್ತಿಲ್ವ? ಗೊತ್ತುಂಟು. ಮಿಂದರೆ ಅದು ನಿಜ ಆಗ್ತದೆ, ಅಷ್ಟೆ" ಎಂದರು. ಆಗ ನಮ್ಮಲ್ಲಿ ಯಾರೂ ಜೋಸೆಫ್ ಇದ್ದಾನೆಂದು ನಂಬಿರಲಿಲ್ಲ. ಬಹುಶಃ ಆಂಟಿಯೂ ನಂಬಿರಲಿಲ್ಲ. ಆದರೆ ಪ್ರತಿ ಸಂಜೆ ಫೋನಿನ ಪಕ್ಕದ ಕುರ್ಚಿಯಲ್ಲೇ ಕುಳಿತು ಅವರು ತರಕಾರಿ ಹೆಚ್ಚುತ್ತಿದ್ದರು. ಹೊರಗೆ ಹೋಗುವುದನ್ನೇ ಬಿಟ್ಟಿದ್ದರು.

ಮುಂದಿನ ಬುಧವಾರ ಸಂಜೆ, ಇನ್ನೂ ಬಿಸಿಲಿತ್ತು. ಫೋನು ಬಂದಾಗ ಆಂಟಿಯ ಕೈಯಲ್ಲಿ ಬೀನ್ಸು, ಚಾಕು. ಚಾಕು ಹಿಡಿದೇ ಫೋನ್ ಎತ್ತಿದರು. ಆ ಕಡೆಯ ದನಿ ಕೇಳುವ ಮೊದಲು ಸಮುದ್ರದಂಥ ಬರೀ ಸದ್ದು, ಅದು ನಮಗೂ ಕೇಳುವಷ್ಟು ಜೋರು. ಆಮೇಲೆ ಏನೋ ಒಂದು ಮಾತು. ಆಂಟಿ ಚಾಕು ಕೆಳಗಿಟ್ಟರು.

"ಇದೆ ಕಣೋ" ಎಂದರು. ಬಹಳ ಮೆಲ್ಲಗೆ. "ಸಾರು ಇದೆ."

ಅಂಕಲ್ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು.

ಆಮೇಲೆ ಆಂಟಿ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕಲಸಿ ಕೂಗತೊಡಗಿದರು. ಊಟ ಮಾಡಿದೆಯಾ, ಅಮ್ಮ ಹೇಗಿದ್ದಾಳೆ, ಯಾಕೋ ಇಷ್ಟು ದಿನ ಫೋನ್ ಮಾಡಲಿಲ್ಲ, ಕೋತಿ. ಆ ಕಡೆಯವನು ಮಾತಾಡಿದ. ಕೇಳುತ್ತ ಕೇಳುತ್ತ ಆಂಟಿಯ ಕೂಗು ನಿಂತಿತು. "ಹ್ಞೂ" ಎಂದರು. ಮತ್ತೆ "ಹ್ಞೂ". ಫೋನನ್ನು ಅಂಕಲ್ ಕೈಗೆ ಕೊಟ್ಟರು. ಅಂಕಲ್ "ಜೋಸೆಫ್" ಎಂದರು, ಇನ್ನೊಮ್ಮೆ "ಜೋಸೆಫ್" ಎಂದರು. ಅಷ್ಟರಲ್ಲಿ ಲೈನು ಕಡಿಯಿತು.

ನಡೆದದ್ದು ಇಷ್ಟು. ಹೊರಡುವ ಕೆಲವು ದಿನ ಮೊದಲು ಶಿಬಿರದಲ್ಲಿ ಜೋಸೆಫನ ಪಾದ ತಿರುಚಿ ಊದಿಕೊಂಡಿತು. ಅವನನ್ನು ಮನೆಗೆ ಕಳಿಸಿದರು. ಶಿಬಿರದಲ್ಲಿ ಅವನ ಪಕ್ಕದ ಮಂಚದ ಹುಡುಗನ ಬೂಟು ಹರಿದಿತ್ತು. ನನಗೆ ಈಗ ಬೇಡವಲ್ಲ ಎಂದು ಜೋಸೆಫ್ ತನ್ನ ಹೊಸ ಬೂಟನ್ನು ಅವನಿಗೆ ಕೊಟ್ಟ. ಬಂದ ಮೇಲೆ ವಾಪಸು ಕೊಡು ಎಂದಿದ್ದ. ಸುದ್ದಿ ಬಂದಾಗ ಜೋಸೆಫ್ ಆ ಹುಡುಗನ ಊರಿಗೆ ಹೋಗಿ ಅವನ ತಾಯಿಯ ಜೊತೆ ಕುಳಿತಿದ್ದ. ಸತ್ತವರನ್ನೆಲ್ಲ ರಾಜಧಾನಿಯ ಮೈದಾನದ ಪಕ್ಕದಲ್ಲೇ ಸಾಲಾಗಿ ಮಣ್ಣು ಮಾಡಿದರು, ಅಲ್ಲೂ ಆ ತಾಯಿಯನ್ನು ಹಿಡಿದುಕೊಂಡು ನಿಂತವನು ಅವನೇ. ಗ್ರೇಸ್ ಕೂಡ ಅವನ ಜೊತೆಗೇ ಇದ್ದರು, ಇಬ್ಬರೂ ಕಿಟ್ವೆಗೆ ಹಿಂದಿರುಗಿದ ಮೇಲೆಯೇ ಅಂಕಲ್ ಕಳಿಸಿದ ತಂತಿ ಕೈಗೆ ಸಿಕ್ಕಿದ್ದು.

ಅಂಕಲ್ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಅದರ ಮೇಲೆ ಕುಳಿತರು. ಎರಡೂ ಅಂಗೈಗಳನ್ನು ನೋಡಿಕೊಂಡರು.

"ಬದುಕಿರೋನಿಗೆ ಬಿಟ್ಟೆನಲ್ಲ, ರತ್ನ. ಹೆಸರು ಹೇಳಿ ಬಿಟ್ಟೆ."

ಐದು ದಿನದಲ್ಲಿ ಆಂಟಿ ಮೊದಲ ಸಲ ಅವರಿಗೆ ನೇರ ಉತ್ತರ ಕೊಟ್ಟರು. "ಕಾಗೆ ಮುಟ್ಟಿದ್ದು ಅಂದ್ಕೊಳ್ಳಿ. ಇವನಿಗೆ ಆಯುಷ್ಯ ಜಾಸ್ತಿ ಆಯ್ತು." ಬೀನ್ಸು, ಚಾಕು ಬದಿಗೆ ಸರಿಸಿ ಹೇಳಿದರು: "ಎಳ್ಳು ನೀರು ದಂಡ ಆಗಿಲ್ಲ ಬಿಡಿ. ಇವನ ಬೂಟು ಹಾಕ್ಕೊಂಡು ಹೋದವನಿಗೆ ಮುಟ್ಟಿರುತ್ತೆ."

ನಾನು ಸಜ್ಜಿಗೆಗೆ ಕಾದಿದ್ದೆ. ಎರಡನೇ ಸುದ್ದಿ ಬಂದಿತ್ತಲ್ಲ. ಆಂಟಿ ಎದ್ದಾಗ ಅಡುಗೆಮನೆಗೇ ಹೋಗುತ್ತಾರೆ ಅಂದುಕೊಂಡು, "ರವೆ ಡಬ್ಬಿ ಇಳಿಸಿಕೊಡ್ಲಾ ಆಂಟಿ?" ಎಂದೆ.

ಅವರು ಬಾಗಿಲ ಹಿಂದಿನ ಮೊಳೆಯಿಂದ ಟವೆಲ್ಲು ತೆಗೆದುಕೊಳ್ಳುತ್ತಿದ್ದರು.

"ಬೇಡ ಮಗು. ಮೀಯಬೇಕು."

"ಜೋಸೆಫ್ ಇದ್ದಾನಲ್ಲ?"

"ಅವನಿದ್ದಾನೆ. ಅವನು ಇದ್ದಾನೋ ಇಲ್ಲವೋ ಅಂತ ನೋಡ್ತಾ ನೋಡ್ತಾ ಉಳಿದ ಯಾವ ಹುಡುಗನಿಗೂ ನಾನು ಒಂದು ಚೊಂಬು ನೀರು ಹಾಕ್ಕೊಳ್ಳಲಿಲ್ಲ ನೋಡು."

ಬಚ್ಚಲಿಗೆ ಹೋದವರು ಕೂಡಲೇ ಹೊರಗೆ ಬಂದರು. ಮೇ ತಿಂಗಳ ಸಂಜೆ, ನಲ್ಲಿಯಲ್ಲಿ ಬರುತ್ತಿದ್ದದ್ದು ಕೈ ಸುಡುವ ನೀರು. ಅವರ ಗೀಸರಿನ ತಣ್ಣೀರು ಮಧ್ಯಾಹ್ನವೇ ಬಟ್ಟೆ ಜಾಲಿಸಿ ಮುಗಿದಿತ್ತು. ಸಾವಿನ ಸ್ನಾನ ಬಿಸಿನೀರಿನಲ್ಲಿ ಮಾಡುವುದಿಲ್ಲ.

"ನಿಮ್ಮ ಗೀಸರಲ್ಲಿ ಇದೆಯಾ ಕೇಳು, ವಾಣಿ."

ಕೆಳಗೆ ಓಡಿದೆ. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದರು. "ಫೋನು ಬಂತಾ? ಹುಡುಗ ಉಂಟಾ?"

"ಉಂಟು."

"ಮತ್ತೆ ತಣ್ಣೀರು ಯಾರಿಗೆ?"

"ಉಳಿದವರಿಗಂತೆ."

ಅಮ್ಮ ನನ್ನ ಮುಖ ನೋಡಿದರು. ಕೆಂಪು ನಲ್ಲಿಯ ಕೆಳಗೆ ಬಕೆಟ್ ಇಟ್ಟರು. ಅದು ತುಂಬಿದ ಮೇಲೆ ಇನ್ನೊಂದು. ಫ್ರಿಜ್ಜಿನ ಐಸಿನ ತಟ್ಟೆಯನ್ನು ತಂದು ತಿರುಚಿ ಎರಡಕ್ಕೂ ಹಾಕಿದರು. ಒಂದನ್ನು ಅವರು, ಒಂದನ್ನು ನಾನು ಹಿಡಿದು ಮೇಲೆ ಹತ್ತಿದೆವು. ಮೆಟ್ಟಿಲ ಮೇಲೆ ಚೆಲ್ಲಿದ ನೀರು ನಾವು ನೋಡುತ್ತಿದ್ದಂತೆಯೇ ಆರುತ್ತಿತ್ತು.

ಬಚ್ಚಲ ಬಾಗಿಲು ಮುಚ್ಚಿತು. ಅಂಕಲ್, ಅಮ್ಮ, ನಾನು ಹಜಾರದಲ್ಲಿ ನಿಂತಿದ್ದೆವು. ಒಳಗೆ ಚೊಂಬು ಬಕೆಟ್ಟಿಗೆ ತಾಗುವ ಸದ್ದು, ನೀರು ಬೀಳುವ ಸದ್ದು. ಮತ್ತೆ ಚೊಂಬು, ಮತ್ತೆ ನೀರು. ಅಭ್ಯಾಸಬಲದಿಂದ ನಾನು ಮನಸ್ಸಿನಲ್ಲೇ ಎಣಿಸಲು ಶುರುಮಾಡಿದ್ದೆ. ಆಂಟಿಯೂ ಎಣಿಸುತ್ತಿದ್ದಾರೆ ಎಂದು ಎಲ್ಲೋ ನಡುವೆ ಹೊಳೆಯಿತು. ಒಬ್ಬೊಬ್ಬರಿಗೆ ಒಂದು.

ಸದ್ದು ನಿಂತಿತು. ಚೊಂಬು ಬಕೆಟ್ಟಿನ ತಳ ಕೆರೆಯಿತು.

"ವಾಣಿ" ಎಂದರು ಆಂಟಿ ಒಳಗಿನಿಂದ. "ಇನ್ನೂ ಇದ್ದಾರೆ. ಇನ್ನೊಂದು ಬಕೆಟ್ ಸಿಗುತ್ತಾ?"

ಎರಡೂ ಮನೆಯ ಗೀಸರಿನ ತಣ್ಣೀರು ಮುಗಿದಿತ್ತು. ಖಾಲಿ ಬಕೆಟ್ ಹಿಡಿದುಕೊಂಡು ನಾನು ಎದುರು ಮನೆಯ ಬಾಗಿಲು ತಟ್ಟಿದೆ.